ಗೊರಕೆಯೂ ಕ್ರಥನವೂ

೧. ವಿಷಯಪ್ರವೇಶ

ನಿದ್ರಿಸುವವನ ಕಂಠದಿಂದ ಹೊರಡುವ ಶಬ್ದಕ್ಕೆ ಕನ್ನಡದಲ್ಲಿ ಗೊರಕೆಯೆಂದು ಹೆಸರು. ಇದು ಅನುಕರಣಶಬ್ದವೆಂಬುದು ಕೇಳಿದೊಡನೆಯೇ ಸ್ಪಷ್ಟವಾಗುತ್ತದೆ. ಕಿವಿಗೆ ಬಿದ್ದ ಧ್ವನಿಯನ್ನೇ ಹೆಸರನ್ನಾಗಿ ಮಾಡಿಕೊಳ್ಳುವ ಪದ್ಧತಿಯು ಸಂಸ್ಕೃತದಲ್ಲಿಯೂ ಉಂಟು. ಅಲ್ಲಿಯ ಘುರ್ಘುರವು ಇದೇ ಜಾತಿಯದು. ಕಥೆಗಳಲ್ಲಿಯೂ ನಾಟಕಗಳಲ್ಲಿಯೂ ಗೊರಕೆಗೆ ದೊರೆತಿರುವುದು ಹಾಸ್ಯದ ಸ್ಥಾನ. ಕುಂಭಕರ್ಣನನ್ನು ಎಬ್ಬಿಸುವ ಪ್ರಸಂಗವು ಬಂದಾಗ ಸಭೆಯು ನಗುವುದು ರೂಢಿ. ವೈದ್ಯಗ್ರಂಥಗಳು ಮಾತ್ರ ಇದನ್ನು ನಗೆಯ ವಿಷಯವೆಂದು ಎಣಿಸಲಿಲ್ಲ. ಅವುಗಳಲ್ಲಿ ಕ್ರಥನವೆಂಬ ಮತ್ತೊಂದು ಶಬ್ದವುಂಟು. ಇದನ್ನು ಕನ್ನಡದಲ್ಲಿ ಗೊರಕೆಯೆಂದಷ್ಟೇ ಅರ್ಥಮಾಡಿದರೆ ಅರ್ಧಾರ್ಥವು ನಷ್ಟವಾಗುತ್ತದೆ. ಆ ನಷ್ಟವು ಕೋಶದ ಪುಟದಲ್ಲಿಯೇ ಉಳಿಯದೆ ರೋಗಿಯ ಹಾಸಿಗೆಯವರೆಗೂ ಬರುತ್ತದೆ. ಇದನ್ನು ಭಾರತೀಯ ವೈದ್ಯದ ಆಧಾರದಿಂದಲೂ ಚೀನದ ಮೂಲಿಕಾವೈದ್ಯದ ತುಲನೆಯಿಂದಲೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಈ ವಿಚಾರಕ್ಕೆ ಮೈಸೂರು ಜಿಲ್ಲೆಯ ಎರಡು ಕ್ಷೇತ್ರಗಳು ಒಳ್ಳೆಯ ಆಶ್ರಯವಾಗಿವೆ. ಕಪಿಲಾನದಿಯು ನಂಜನಗೂಡಿನ ಪಕ್ಕದಲ್ಲಿ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ನಂಜನಗೂಡು ಗರಳಪುರಿ, ನಂಜನ್ನುಂಡು ಅದನ್ನು ಕಂಠದಲ್ಲಿಯೇ ನಿಲ್ಲಿಸಿಕೊಂಡ ದೇವರ ಊರು. ಆನೆಯ ಕಣ್ಣಿನ ರೋಗವು ಇಲ್ಲಿಯ ಸೇವೆಯಿಂದ ವಾಸಿಯಾಯಿತೆಂದು ಟಿಪ್ಪುಸುಲ್ತಾನನು ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂಬ ಐತಿಹ್ಯವು ಇಂದಿಗೂ ಪ್ರಚಾರದಲ್ಲಿದೆ. ೧೯೦೮ರಲ್ಲಿ ಮೈಸೂರಿನಲ್ಲಿ ಆಯುರ್ವೇದ ವಿದ್ಯಾಶಾಲೆಯು ಆರಂಭವಾಯಿತು, ೧೯೧೩ರಲ್ಲಿ ಬಿ. ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅಲ್ಲಿಯ ಹಲ್ಲುಪುಡಿಯ ಮೂಲಕ ಊರಿನ ಹೆಸರು ಕನ್ನಡನಾಡಿನ ಮನೆಮನೆಗೂ ಹೋಯಿತು. ನರಸೀಪುರದಲ್ಲಾದರೋ ಗುಂಜಾನರಸಿಂಹಸ್ವಾಮಿಯ ದೇವಾಲಯವಿದೆ. ಕಾಶಿಗಿಂತ ಈ ಕ್ಷೇತ್ರದ ಮಹಿಮೆಯು ಒಂದು ಗುಲಗಂಜಿಯ ತೂಕದಷ್ಟು ಹೆಚ್ಚೆಂದು ಆ ಸೀಮೆಯ ಜನರು ಹೇಳುವರು. ಕಂಠದಲ್ಲಿ ನಿಂತ ನಂಜು, ತಕ್ಕಡಿಯಲ್ಲಿ ನಿಂತ ಗುಂಜೆ, ಇವೆರಡೂ ಮುಂದೆ ಔಷಧವಿಚಾರದಲ್ಲಿ ಪ್ರಯೋಜನಕ್ಕೆ ಬರುವುವು.

೨. ಶಬ್ದವಿಚಾರ

ಸುಶ್ರುತಸಂಹಿತೆಯ ಸೂತ್ರಸ್ಥಾನದ ೧೫ನೆಯ ಅಧ್ಯಾಯದಲ್ಲಿ ಅತಿಸ್ಥೂಲನಿಗೆ ಒದಗುವ ಉಪದ್ರವಗಳನ್ನು ಎಣಿಸಿದೆ. ಕ್ಷುದ್ರಶ್ವಾಸ, ಬಾಯಾರಿಕೆ, ಹಸಿವು, ನಿದ್ರೆ, ಬೆವರು, ಮೈಯ ದುರ್ಗಂಧ, ಅಂಗಗಳ ಜಡತೆ, ಮಾತಿನ ಗದ್ಗದ ಎಂಬಿವುಗಳ ನಡುವೆ ಕ್ರಥನವೂ ಇದೆ. ಮಾಧವನಿದಾನದ ಮೇದೋರೋಗಪ್ರಕರಣದಲ್ಲಿಯೂ ಈ ಶಬ್ದವು ಬರುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯದಲ್ಲಿ ಅತಿಸ್ಥೂಲನ ಎಂಟು ದೋಷಗಳನ್ನು ಹೇಳಿದೆ. ಆಯುಸ್ಸಿನ ಹ್ರಾಸವು ಅವುಗಳಲ್ಲಿ ಮೊದಲನೆಯದು. ಕ್ರಥನದ ಹೆಸರು ಅಲ್ಲಿ ಇಲ್ಲ. ಆದುದರಿಂದ ಸ್ಥೂಲದೇಹಕ್ಕೂ ಈ ಲಕ್ಷಣಕ್ಕೂ ಸಂಬಂಧವನ್ನು ಹೆಸರಿಟ್ಟು ಹೇಳಿದುದು ಸುಶ್ರುತಸಂಪ್ರದಾಯದ ವಿಶೇಷವೆನ್ನಬಹುದು.

ಕ್ರಥನಕ್ಕೆ ಎರಡು ಅರ್ಥಗಳನ್ನು ಹೇಳುವುದುಂಟು. ನಿದ್ರಿಸುವವನ ಗಂಟಲಿನಲ್ಲಿ ಉಂಟಾಗುವ ಘುರ್ಘುರಧ್ವನಿಯೆಂಬುದು ಒಂದು. ಉಸಿರು ಅಕಸ್ಮಾತ್ತಾಗಿ ತಡೆಯಲ್ಪಡುವುದೆಂಬುದು ಇನ್ನೊಂದು. ಇವೆರಡರಲ್ಲಿ ಯಾವುದು ಮುಖ್ಯವೆಂಬುದನ್ನು ಧಾತುವಿನಿಂದ ವಿಚಾರಿಸುವುದು ಯುಕ್ತ. ಹಿಂಸಾರ್ಥದಲ್ಲಿ ಕೆಲವು ಧಾತುಗಳ ಕರ್ಮಕ್ಕೆ ಷಷ್ಠಿಯನ್ನು ವಿಧಿಸುವ ಪಾಣಿನೀಯಸೂತ್ರದಲ್ಲಿ (೨-೩-೫೬) ಕ್ರಥಧಾತುವು ಸೇರಿದೆ. ಅಮರಕೋಶದ ಕ್ಷತ್ರಿಯವರ್ಗದಲ್ಲಿ ಕೊಲ್ಲುವುದೆಂಬರ್ಥದ ಪರ್ಯಾಯಗಳನ್ನು ಹೇಳುವಲ್ಲಿ ಕ್ರಥನವೂ ಬಂದಿದೆ. ಬಾಲ್ಯದಲ್ಲಿಯೇ ಅಮರವನ್ನು ಬಾಯಿಪಾಠ ಮಾಡಿದವರಿಗೆ ಇದು ಅಪರಿಚಿತವಲ್ಲ. ಘುರ್ಘುರವು ಕಿವಿಯಿಂದ ಹುಟ್ಟಿದ ಶಬ್ದ. ಕ್ರಥನವು ಪ್ರಾಣಭಯದಿಂದ ಹುಟ್ಟಿದ ಶಬ್ದ. ಸದ್ದಿಗೆ ಒಂದು ಹೆಸರಿದ್ದರೂ ಹಿಂಸಾರ್ಥದ ಧಾತುವಿನಿಂದ ಬಂದ ಬೇರೊಂದನ್ನು ಆರಿಸಿಕೊಂಡಿರುವುದನ್ನು ನೋಡಿದರೆ, ಉಸಿರು ಕಟ್ಟುವುದೇ ಇಲ್ಲಿ ಪ್ರಧಾನವಾಗಿ ವಿವಕ್ಷಿತವೆಂದೂ ಸದ್ದು ಅದರ ಸಹಚರವೆಂದೂ ಊಹಿಸುವುದು ಅಸಂಗತವಾಗದು.

ಕ್ರಥನವನ್ನು ಬೇರೆ ಶ್ವಾಸರೋಗಗಳೊಡನೆ ಬೆರಸಬಾರದು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೧೭ನೆಯ ಅಧ್ಯಾಯದಲ್ಲಿ ಮಹಾಶ್ವಾಸ, ಊರ್ಧ್ವಶ್ವಾಸ, ಛಿನ್ನಶ್ವಾಸ, ತಮಕಶ್ವಾಸ, ಕ್ಷುದ್ರಶ್ವಾಸಗಳೆಂದು ಐದನ್ನು ವಿವರಿಸಿದೆ. ತಮಕಶ್ವಾಸದಲ್ಲಿ ಘುರ್ಘುರಧ್ವನಿಯುಂಟು, ಆದರೆ ಆ ರೋಗಿಯು ಮಲಗಲಾರನು, ಎದ್ದು ಕುಳಿತರೆ ಸುಖವನ್ನು ಪಡೆಯುವನು. ಕ್ರಥನವುಳ್ಳವನು ಸುಖವಾಗಿ ಮಲಗಿ ನಿದ್ರಿಸುವಂತೆಯೇ ಕಾಣುವನು. ತನಗೆ ಕಷ್ಟವಾಗುತ್ತಿರುವುದು ಅವನಿಗೇ ತಿಳಿಯದು. ಛಿನ್ನಶ್ವಾಸದಲ್ಲಿ ಉಸಿರು ತುಂಡುತುಂಡಾಗುತ್ತದೆ; ಆದರೆ ಅದು ಮರಣಾಸನ್ನನ ಲಕ್ಷಣ. ಕ್ರಥನವಾದರೋ ಹಗಲಿನಲ್ಲಿ ಎಂದಿನಂತೆ ಓಡಾಡುವ ಗೃಹಸ್ಥನಿಗೆ ರಾತ್ರಿ ಮಾತ್ರ ಬರುವಂಥದು. ಮೂರರಲ್ಲಿಯೂ ಸದ್ದೋ ತಡೆಯೋ ಸಮಾನವಾಗಿದ್ದರೂ ರೋಗವು ಬೇರೆ, ಚಿಕಿತ್ಸೆಯೂ ಬೇರೆ.

೩. ಚೀನವೈದ್ಯರ ದರ್ಶನ

ಚೀನದ ವೈದ್ಯಗ್ರಂಥಗಳಲ್ಲಿಯೂ ಗೊರಕೆಯ ಪ್ರಸ್ತಾಪವು ಪ್ರಾಚೀನವಾದುದು. ಕ್ರಿಸ್ತಶಕ ೨೦೦ರ ಸುಮಾರಿನಲ್ಲಿ ಝಾಂಗ್ ಝಾಂಗ್‌ಜಿಂಗ್ ಎಂಬ ವೈದ್ಯನು ರಚಿಸಿದ ಷಾಂಗ್‌ಹಾನ್ ಲುನ್ ಎಂಬ ಜ್ವರಗ್ರಂಥದಲ್ಲಿ ಒಂದು ಜ್ವರವಿಶೇಷದ ಲಕ್ಷಣಗಳನ್ನು ಹೇಳುವಾಗ ಬೆವರು, ಮೈಭಾರ, ಅತಿನಿದ್ರೆ, ಮೂಗಿನ ಉಸಿರಿನಲ್ಲಿ ಗೊರಕೆ, ಮಾತಿನ ತೊಡಕು ಎಂಬಿವುಗಳನ್ನು ಒಟ್ಟಿಗೆ ಹೇಳಿದೆ. ಸುಶ್ರುತನ ಪಟ್ಟಿಯೊಡನೆ ಇದರ ಸಾಮ್ಯವು ಮೇಲುನೋಟಕ್ಕೆ ಆಶ್ಚರ್ಯಕರವಾದರೂ ಅಲ್ಲಿಯ ಪ್ರಸಂಗವು ಜ್ವರ, ಇಲ್ಲಿಯದು ಮೇದಸ್ಸು. ಆದುದರಿಂದ ಎರಡನ್ನೂ ಒಂದೆಂದು ಹೇಳಲಾಗದು.

ಹೆಚ್ಚು ಹತ್ತಿರವಾದುದು ಕ್ರಿಸ್ತಶಕ ೬೧೦ರಲ್ಲಿ ಸುಯಿ ರಾಜವಂಶದ ಆಸ್ಥಾನವೈದ್ಯನಾದ ಚಾವೊ ಯುವಾನ್‌ಫಾಂಗ್ ಎಂಬವನ ನೇತೃತ್ವದಲ್ಲಿ ಸಿದ್ಧವಾದ ರೋಗನಿದಾನಗ್ರಂಥ. ಅದರಲ್ಲಿ ಗೊರಕೆಯ ನಿದ್ರೆಗೆಂದೇ ಪ್ರತ್ಯೇಕವಾದ ಒಂದು ಪ್ರಕರಣವಿದೆ. ಕಂಠವು ಪ್ರಾಣವಾಯುವು ಮೇಲಕ್ಕೂ ಕೆಳಕ್ಕೂ ಸಂಚರಿಸುವ ದಾರಿ. ವಾಯುವೂ ರಕ್ತವೂ ಸಮವಾಗಿದ್ದರೆ ಎಚ್ಚರದಲ್ಲಿಯೂ ನಿದ್ರೆಯಲ್ಲಿಯೂ ಸಂಚಾರವು ಸರಾಗ. ಅವು ವಿಷಮವಾದರೆ ಕಂಠವನ್ನು ತಾಕಿ ಸದ್ದುಮಾಡುವುವು. ಸ್ಥೂಲರಲ್ಲಿ ಇವು ದಟ್ಟವಾಗಿ ಕಂಠದ ದಾರಿಯನ್ನು ಇಕ್ಕಟ್ಟುಮಾಡುವುದರಿಂದ ಸದ್ದು ಹುಟ್ಟುವುದು. ಇದು ಆ ಪ್ರಕರಣದ ಸಾರಾಂಶ. ಸ್ಥೂಲತೆಯನ್ನೂ ಕಂಠದ ಸಂಕೋಚವನ್ನೂ ಇಷ್ಟು ಸ್ಪಷ್ಟವಾಗಿ ಜೋಡಿಸಿದ ಹಳೆಯ ವಾಕ್ಯಗಳು ವಿರಳ.

ಇದು ಒಬ್ಬರಿಂದ ಒಬ್ಬರು ಪಡೆದುದೇ ಎಂಬ ಪ್ರಶ್ನೆಯು ಸಹಜವಾಗಿ ಏಳುತ್ತದೆ. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದು ನಾಲಂದಾದಲ್ಲಿ ವಿದ್ಯಾಭ್ಯಾಸಮಾಡಿದ ಯಿಜಿಂಗ್ ಎಂಬ ಯಾತ್ರಿಕನು ಇಲ್ಲಿಯ ಅಷ್ಟಾಂಗವೈದ್ಯವನ್ನು ವರ್ಣಿಸಿದ್ದಾನೆ. ಎರಡು ದೇಶಗಳ ಮೂಲಿಕೆಗಳು ಒಂದೇ ಅಲ್ಲವೆಂಬುದನ್ನೂ ಎತ್ತಿ ಹೇಳಿದ್ದಾನೆ. ಆದರೆ ಅವನ ಕಾಲವು ಚಾವೊವಿನ ಗ್ರಂಥಕ್ಕೆ ಈಚಿನದು. ಮಲಗಿದ ಸ್ಥೂಲಪುರುಷನನ್ನು ಪಕ್ಕದಲ್ಲಿ ಕುಳಿತು ನೋಡಿದ ಯಾವ ದೇಶದ ವೈದ್ಯನಿಗಾದರೂ ಈ ಸಂಬಂಧವು ತಾನಾಗಿ ಹೊಳೆಯಬಹುದಾದುದರಿಂದ, ಋಣವನ್ನು ಹುಡುಕುವುದಕ್ಕಿಂತ ಅವಲೋಕನದ ಐಕ್ಯವನ್ನು ಒಪ್ಪಿಕೊಳ್ಳುವುದು ಲೇಸು.

೪. ಆಧುನಿಕ ವಿಜ್ಞಾನದ ವಿವರಣೆ

ಎಚ್ಚರದಲ್ಲಿರುವಾಗ ನಾಲಗೆಯ ಮತ್ತು ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಡುವುವು. ನಿದ್ರೆಯಲ್ಲಿ ಅವು ಸಡಿಲವಾಗುವುವು. ಅಂಗಾತವಾಗಿ ಮಲಗಿದವನ ನಾಲಗೆಯು ಹಿಂದಕ್ಕೆ ಜಾರುತ್ತದೆ. ಕಂಠದ ಸುತ್ತ ಕೊಬ್ಬು ಸೇರಿದ್ದರೆ ದಾರಿಯು ಇನ್ನೂ ಕಿರಿದಾಗುತ್ತದೆ. ಆ ಕಿರಿದಾದ ದಾರಿಯಲ್ಲಿ ನುಗ್ಗುವ ಗಾಳಿಯಿಂದ ಮೃದುತಾಲುವೂ ಕಿರುನಾಲಗೆಯೂ ಕಂಪಿಸುವುದರಿಂದ ಗೊರಕೆಯು ಹುಟ್ಟುತ್ತದೆ. ಇಲ್ಲಿಯವರೆಗೆ ಕೇಳಿಬರುವುದು ಸದ್ದು ಮಾತ್ರ. ದಾರಿಯು ಪೂರ್ತಿಯಾಗಿ ಮುಚ್ಚಿಕೊಂಡಾಗ ಆ ಸದ್ದೂ ನಿಂತುಹೋಗುತ್ತದೆ. ಎದೆಯು ಏಳುತ್ತಿರುತ್ತದೆ, ಹೊಟ್ಟೆಯು ಎಳೆಯುತ್ತಿರುತ್ತದೆ, ಗಾಳಿಯು ಮಾತ್ರ ಒಳಕ್ಕೆ ಹೋಗದು. ರಕ್ತದಲ್ಲಿ ಆಮ್ಲಜನಕವು ಇಳಿಯುತ್ತದೆ. ಮೆದುಳು ಕ್ಷಣಕಾಲ ಎಚ್ಚರಗೊಂಡು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ದೊಡ್ಡ ಸದ್ದಿನೊಡನೆ ಉಸಿರು ಮರಳುತ್ತದೆ. ಮನೆಯವರು ಸದ್ದಿಗೆ ಬೇಸರಪಡುವರು, ಸದ್ದು ನಿಂತಾಗ ನೆಮ್ಮದಿಪಡುವರು. ಹೆದರಬೇಕಾದುದು ಆ ನಿಶ್ಶಬ್ದಕ್ಕೆ.

ಈ ವ್ಯಾಧಿಗೆ ಇಂದು ಸ್ಲೀಪ್ ಆಪ್ನಿಯಾ ಎಂದು ಹೆಸರು, ನಿದ್ರಾಶ್ವಾಸರೋಧವೆಂದು ಹೇಳಬಹುದು. ೧೯೬೫ರಲ್ಲಿ ಫ್ರಾನ್ಸಿನಲ್ಲಿ ಗಾಸ್ತೋ ಮತ್ತು ಅವರ ಸಹಕಾರಿಗಳೂ, ಜರ್ಮನಿಯಲ್ಲಿ ಯುಂಗ್ ಮತ್ತು ಕೂಲೋ ಎಂಬವರೂ ನಿದ್ರೆಯಲ್ಲಿ ಯಂತ್ರಗಳಿಂದ ಉಸಿರನ್ನು ಅಳೆದು ಇದನ್ನು ಪ್ರಕಟಿಸಿದರು. ಉಸಿರು ೧೦ ಸೆಕೆಂಡುಗಳಿಗೆ ಕಡಮೆಯಿಲ್ಲದೆ ನಿಂತರೆ ಅದನ್ನು ಒಂದು ತಡೆಯೆಂದು ಎಣಿಸುವರು. ಪೂರ್ಣವಾದ ತಡೆ, ಅರೆತಡೆಗಳೆರಡೂ ಸೇರಿ ಗಂಟೆಗೆ ೫ರಿಂದ ೧೫ರವರೆಗೆ ಇದ್ದರೆ ಸೌಮ್ಯ, ೧೫ರಿಂದ ೩೦ರವರೆಗೆ ಮಧ್ಯಮ, ೩೦ಕ್ಕೆ ಮೇಲ್ಪಟ್ಟರೆ ತೀವ್ರ. ಹಗಲಿನಲ್ಲಿ ತಡೆಯಲಾಗದ ತೂಕಡಿಕೆ, ಬೆಳಗಿನ ತಲೆನೋವು, ಮರೆವು, ರಕ್ತದೊತ್ತಡದ ಏರಿಕೆ ಇವು ಇದರ ಸಹಚರಗಳು. ಹೃದ್ರೋಗಕ್ಕೂ ಪಕ್ಷವಾತಕ್ಕೂ ಇದು ದಾರಿಮಾಡುವುದುಂಟು. ಚರಕನು ಅತಿಸ್ಥೂಲನ ದೋಷಗಳಲ್ಲಿ ಆಯುಸ್ಸಿನ ಹ್ರಾಸವನ್ನು ಮೊದಲು ಹೇಳಿದುದೂ, ಸುಶ್ರುತನು ಅತಿನಿದ್ರೆಯನ್ನೂ ಕ್ರಥನವನ್ನೂ ಒಂದೇ ಸಾಲಿನಲ್ಲಿ ಹೇಳಿದುದೂ ಇದರಿಂದ ಹೊಸ ಬೆಳಕನ್ನು ಪಡೆಯುತ್ತವೆ.

೫. ಔಷಧವಿಚಾರ

ಚೀನವೈದ್ಯರ ಮತದಲ್ಲಿ ಗೊರಕೆಗೆ ಮುಖ್ಯಕಾರಣವು ಕಫವೂ ಕ್ಲೇದವೂ. ಅವರು ಪ್ಲೀಹವೆಂದು ಹೇಳುವ ಅಂಗವು ಅವರ ಶಾಸ್ತ್ರದಲ್ಲಿ ಜೀರ್ಣಶಕ್ತಿಯ ಸ್ಥಾನ. ಅದು ದುರ್ಬಲವಾದರೆ ಕ್ಲೇದವು ನಿಲ್ಲುವುದು, ಕ್ಲೇದವು ಗಟ್ಟಿಯಾಗಿ ಕಫವಾಗುವುದು, ಕಫವು ಕಂಠವನ್ನು ತಡೆಯುವುದು. ಅಗ್ನಿಮಾಂದ್ಯದಿಂದ ಕಫಮೇದಸ್ಸುಗಳ ವೃದ್ಧಿಯನ್ನು ಹೇಳುವ ಆಯುರ್ವೇದದ ಅಭ್ಯಾಸಿಗಳಿಗೆ ಈ ಕ್ರಮವು ಹೊಸದಾಗಿ ತೋರದು.

ಇದಕ್ಕೆ ಅವರು ಆಧಾರವಾಗಿ ತೆಗೆದುಕೊಳ್ಳುವ ಯೋಗಗಳಲ್ಲಿ ಎರ್‌ಛೆನ್ ಕಷಾಯವು ಪ್ರಸಿದ್ಧವಾದುದು. ಸೋಂಗ್ ರಾಜವಂಶದ ಕಾಲದ ಸರಕಾರಿ ಔಷಧಾಲಯದ ಯೋಗಗ್ರಂಥದಲ್ಲಿ ಇದು ಸೇರಿದೆ. ಎರಡು ಹಳೆಯ ವಸ್ತುಗಳ ಕಷಾಯವೆಂದು ಹೆಸರಿನ ಅರ್ಥ. ಹಳೆಯದಾದ ಬಾನ್‌ಶಿಯಾ ಎಂಬ ಗೆಡ್ಡೆ, ಹಳೆಯದಾದ ಕಿತ್ತಳೆಜಾತಿಯ ಹಣ್ಣಿನ ಸಿಪ್ಪೆ, ಇವುಗಳೊಡನೆ ದೇವದಾರುಜಾತಿಯ ಮರದ ಬೇರಿನಲ್ಲಿ ಬೆಳೆಯುವ ಫುಲಿಂಗ್ ಎಂಬ ಶಿಲೀಂಧ್ರ ಮತ್ತು ಗಾನ್‌ತ್ಸಾವೊ ಎಂಬ ಸಿಹಿಬೇರು ಮುಖ್ಯವಾದ ಅಂಗಗಳು. ಬಾನ್‌ಶಿಯಾ ನಮ್ಮ ಕೆಸವು, ಸುವರ್ಣಗೆಡ್ಡೆಗಳ ವಂಶಕ್ಕೆ ಸೇರಿದುದು. ಹಸಿಯಾದ ಕೆಸವು ಗಂಟಲನ್ನು ಕೆರೆಯುವುದನ್ನು ಕನ್ನಡದ ಗೃಹಿಣಿಯರು ಬಲ್ಲರು; ಹುಣಿಸೆಹುಳಿಯಿಲ್ಲದೆ ಅದನ್ನು ಬೇಯಿಸುವವರಿಲ್ಲ. ಹಸಿಯಾದ ಬಾನ್‌ಶಿಯಾ ಅದಕ್ಕಿಂತಲೂ ಉಗ್ರವಾದುದು. ಆದಕಾರಣ ಚೀನವೈದ್ಯರು ಶುಂಠಿ, ಪಟಿಕ ಮೊದಲಾದುವುಗಳಿಂದ ಅದನ್ನು ಶೋಧಿಸಿಯೇ ಬಳಸುವರು. ಗಂಟಲನ್ನು ಕಟ್ಟುವ ವಸ್ತುವೇ ಶೋಧನದಿಂದ ಗಂಟಲನ್ನು ಬಿಡಿಸುವ ಔಷಧವಾಗುವುದು ಗರಳಪುರಿಯ ಜನರಿಗೆ ಅರ್ಥವಾಗದ ಮಾತೇನಲ್ಲ.

ಗಾನ್‌ತ್ಸಾವೊ ನಮ್ಮ ಯಷ್ಟಿಮಧುವಿನ ಒಡಹುಟ್ಟು. ಯಷ್ಟಿಮಧುವನ್ನು ಕನ್ನಡದಲ್ಲಿ ಜೇಷ್ಠಮಧುವೆಂದೂ ಅತಿಮಧುರವೆಂದೂ ಕರೆಯುವರು. ಕಂಠಕ್ಕೆ ಹಿತವೆಂದು ಎರಡು ದೇಶಗಳೂ ಇದನ್ನು ಒಪ್ಪಿವೆ. ಸ್ವರವು ಒಡೆದ ಗಾಯಕರೂ ಪಾಠ ಹೇಳಿ ದಣಿದ ಉಪಾಧ್ಯಾಯರೂ ಇದರ ತುಂಡನ್ನು ಬಾಯಲ್ಲಿರಿಸಿಕೊಳ್ಳುವುದುಂಟು. ಇಲ್ಲಿಯೇ ನರಸೀಪುರದ ಗುಂಜೆಯು ವಿಚಾರಕ್ಕೆ ಬರುತ್ತದೆ. ಗುಲಗಂಜಿಯ ಬಳ್ಳಿಯ ಬೇರು ಸಿಹಿಯಾಗಿರುವುದರಿಂದ ಯಷ್ಟಿಮಧುವಿಗೆ ಪ್ರತಿನಿಧಿಯಾಗಿ ಅದನ್ನು ಬಳಸುವುದುಂಟು. ಆದರೆ ಆ ಬಳ್ಳಿಯ ಬೀಜವು ವಿಷ. ಶಾರ್ಙ್ಗಧರಸಂಹಿತೆಯು ಗುಂಜೆಯನ್ನು ಉಪವಿಷಗಳಲ್ಲಿ ಎಣಿಸಿದೆ. ಬೀಜವನ್ನು ಹಾಲು ಮೊದಲಾದುವುಗಳಲ್ಲಿ ಬೇಯಿಸಿ ಶೋಧಿಸಬೇಕೆಂದು ರಸಶಾಸ್ತ್ರವು ವಿಧಿಸುತ್ತದೆ. ಅದರಲ್ಲಿರುವ ಆಬ್ರಿನ್ ಎಂಬ ವಿಷವು ಜೀವಕೋಶಗಳಲ್ಲಿ ಪ್ರೋಟೀನಿನ ಉತ್ಪತ್ತಿಯನ್ನೇ ನಿಲ್ಲಿಸುತ್ತದೆ. ಜಗಿದು ನುಂಗಿದ ಬೀಜವು ಪ್ರಾಣಾಂತಕವಾಗಬಲ್ಲುದು. ಸುಮಾರು ೧೨೦ ಮಿಲಿಗ್ರಾಂ ತೂಗುವ ಈ ಬೀಜದಿಂದಲೇ ಅಕ್ಕಸಾಲಿಗರು ಚಿನ್ನವನ್ನೂ ವೈದ್ಯರು ಔಷಧವನ್ನೂ ತೂಗಿದರು. ಅಳತೆಗೆ ಸಾಧನವಾದುದು ತಾನೇ ಅಳತೆಯನ್ನು ಮೀರಿದರೆ ಕೊಲ್ಲುವುದೆಂಬುದು ಗಮನಾರ್ಹ. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ಖಗೇಂದ್ರಮಣಿದರ್ಪಣವನ್ನು ಕನ್ನಡದಲ್ಲಿ ರಚಿಸಿ ಸ್ಥಾವರಜಂಗಮವಿಷಗಳೆರಡನ್ನೂ ವಿವರಿಸಿದುದನ್ನು ನೋಡಿದರೆ, ಸಸ್ಯವಾದುದೆಲ್ಲವೂ ನಿರಪಾಯವೆಂಬ ಈಚಿನ ನಂಬಿಕೆಯು ನಮ್ಮ ಪೂರ್ವಿಕರಿಗೆ ಇರಲಿಲ್ಲವೆಂದು ತಿಳಿಯುತ್ತದೆ.

ಶುದ್ಧವಾದ ಯಷ್ಟಿಮಧುವಿನಲ್ಲಿಯೂ ಎಚ್ಚರಿಕೆಯು ಬೇಕು. ಅದನ್ನು ಹೆಚ್ಚಾಗಿ ಬಹುದಿನ ಸೇವಿಸಿದರೆ ಶರೀರದಲ್ಲಿ ಉಪ್ಪೂ ನೀರೂ ನಿಂತು, ಪೊಟ್ಯಾಸಿಯಂ ಇಳಿದು, ರಕ್ತದೊತ್ತಡವು ಏರುತ್ತದೆ. ನಿದ್ರಾಶ್ವಾಸರೋಧವುಳ್ಳವರಲ್ಲಿ ಅನೇಕರಿಗೆ ರಕ್ತದೊತ್ತಡವು ಮೊದಲೇ ಏರಿರುತ್ತದೆ. ಕಂಠಕ್ಕೆ ಹಿತವೆಂದು ಕೊಟ್ಟುದು ಹೃದಯಕ್ಕೆ ಅಹಿತವಾಗುವುದು ಹೀಗೆ. ಶ್ವಾಸಕ್ಕೆಂದು ಚೀನವೈದ್ಯರು ಬಳಸುವ ಮಾಹುವಾಂಗ್ ಎಂಬ ಗಿಡದಿಂದ ೧೮೮೫ರಲ್ಲಿ ಜಪಾನಿನ ನಾಗಾಯಿ ಎಂಬವರು ಎಫೆಡ್ರಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಅದು ಶ್ವಾಸನಾಳಗಳನ್ನು ಬಿಡಿಸುವುದು ನಿಜ; ನಿದ್ರೆಯನ್ನು ಕೆಡಿಸಿ ಹೃದಯವನ್ನು ಓಡಿಸುವುದೂ ನಿಜ. ಅದನ್ನೊಳಗೊಂಡ ಪೂರಕವಸ್ತುಗಳನ್ನು ಅಮೆರಿಕದಲ್ಲಿ ೨೦೦೪ರಲ್ಲಿ ನಿಷೇಧಿಸಿದರು. ಗೊರಕೆಯ ತಡೆಯಿರುವುದು ಎದೆಯ ನಾಳಗಳಲ್ಲಿ ಅಲ್ಲ, ಕಂಠದಲ್ಲಿ. ತಮಕಶ್ವಾಸದ ಔಷಧವನ್ನು ಕ್ರಥನಕ್ಕೆ ಕೊಡುವುದು ಪದಾರ್ಥಜ್ಞಾನವಿಲ್ಲದ ಚಿಕಿತ್ಸೆ. ಇನ್ನೂ ಅಪಾಯಕರವಾದುದು ನಿದ್ರಾಜನಕಗಳ ಪ್ರಯೋಗ. ಗೊರಕೆಯವನಿಗೆ ಒಳ್ಳೆಯ ನಿದ್ರೆ ಬರಲೆಂದು ಅಫೀಮು, ಮದ್ಯ ಅಥವಾ ನಿದ್ರೆಯ ಮಾತ್ರೆಗಳನ್ನು ಕೊಟ್ಟರೆ, ಅವುಗಳಲ್ಲಿ ಕೆಲವು ಕಂಠವನ್ನು ಇನ್ನಷ್ಟು ಸಡಿಲಿಸುವುವು, ಕೆಲವು ಉಸಿರಿನ ಪ್ರೇರಣೆಯನ್ನೇ ಕುಗ್ಗಿಸುವುವು; ತಡೆಯಾದಾಗ ರೋಗಿಯನ್ನು ಎಬ್ಬಿಸಿ ಕಾಪಾಡುತ್ತಿದ್ದ ಎಚ್ಚರವೂ ಮಂದವಾಗುವುದು.

ಕಫಹರ ಕಷಾಯಗಳ ವಿಷಯದಲ್ಲಿ ಚೀನದಲ್ಲಿ ಪರೀಕ್ಷೆಗಳು ನಡೆದಿವೆ. ಅವು ಬಹುಮಟ್ಟಿಗೆ ಸಣ್ಣ ಪರೀಕ್ಷೆಗಳು. ತೀವ್ರವಾದ ಶ್ವಾಸರೋಧವನ್ನು ಕಷಾಯದಿಂದಲೇ ನಿಲ್ಲಿಸಬಹುದೆಂದು ಅವುಗಳಿಂದ ಸಿದ್ಧವಾಗಿಲ್ಲ. ನೆಗಡಿಯಿಂದಲೋ ಮೂಗಿನ ತಡೆಯಿಂದಲೋ ಬಂದ ಗೊರಕೆಯು ಮೂಗು ಬಿಟ್ಟಾಗ ಕಡಮೆಯಾಗುವುದು ಸಹಜ.

೬. ಪಥ್ಯವೂ ಇತರ ಉಪಾಯಗಳೂ

ಔಷಧಕ್ಕಿಂತ ಪಥ್ಯದಲ್ಲಿ ಪೂರ್ವಿಕರ ಮತವು ಹೆಚ್ಚು ದೃಢವಾಗಿ ನಿಲ್ಲುತ್ತದೆ. ಚರಕನು ಅತಿಸ್ಥೂಲನಿಗೆ ಗುರುವಾಗಿಯೂ ಅಪತರ್ಪಣವಾಗಿಯೂ ಇರುವ ಆಹಾರವನ್ನು, ಎಂದರೆ ಹೊಟ್ಟೆಯನ್ನು ತುಂಬಿಸಿ ಮೈಯನ್ನು ಬೆಳಸದ ಆಹಾರವನ್ನು ವಿಧಿಸಿದನು. ಅವನು ಹೆಸರಿಸಿದ ಯವ, ಶ್ಯಾಮಾಕ, ಪ್ರಿಯಂಗು, ಕೋದ್ರವ, ಹೆಸರು, ಕುಲತ್ಥಗಳಲ್ಲಿ ಸಾಮೆ, ನವಣೆ, ಹಾರಕ, ಹುರುಳಿಗಳನ್ನು ಮೈಸೂರು ಸೀಮೆಯ ಹೊಲದವರು ಬಲ್ಲರು. ನರಸೀಪುರದ ಕಾಲುವೆಯ ಬಯಲಿನಲ್ಲಿ ಅಕ್ಕಿಯೇ ಪ್ರಧಾನವಾದರೂ ಹುರುಳಿಯ ಕಟ್ಟು ಅಲ್ಲಿಯ 
ಮನೆಗಳಿಗೆ ಹೊರತಲ್ಲ. ಹಗಲುನಿದ್ರೆಯನ್ನು ಗ್ರೀಷ್ಮದಲ್ಲಿ ಒಪ್ಪಿದ ಚರಕನು ಮೇದಸ್ವಿಗಳಿಗೂ ಕಫಪ್ರಕೃತಿಯವರಿಗೂ ಅದನ್ನು ನಿಷೇಧಿಸಿದನು. ತೂಕವು ಇಳಿದರೆ ಶ್ವಾಸರೋಧವೂ ಇಳಿಯುವುದೆಂದು ಆಧುನಿಕರೂ ಒಪ್ಪುವರು. ಮಗ್ಗುಲಾಗಿ ಮಲಗುವುದು, ರಾತ್ರಿಯ ಭೋಜನವನ್ನು ಹಗುರಮಾಡಿ ಬೇಗ ಮುಗಿಸುವುದು, ಮದ್ಯವನ್ನು ಬಿಡುವುದು ಇವು ಖರ್ಚಿಲ್ಲದ ಉಪಾಯಗಳು. ಆದರೆ ಕೃಶರಾದವರಿಗೂ ದವಡೆಯ ರಚನೆಯಿಂದ ಈ ರೋಗವು ಬರುವುದುಂಟು. ಮಕ್ಕಳಲ್ಲಿ ಮೂಗಿನ ಹಿಂಭಾಗದ ಗ್ರಂಥಿಗಳೂ ಟಾನ್ಸಿಲುಗಳೂ ಬೆಳೆದು ಇದಕ್ಕೆ ಕಾರಣವಾಗುವುವು. ಅಂಥವರಿಗೆ ಉಪವಾಸದಿಂದ ಪ್ರಯೋಜನವಿಲ್ಲ.

ಶಸ್ತ್ರಚಿಕಿತ್ಸೆಯೂ ನಮ್ಮವರಿಗೆ ಅಪರಿಚಿತವಾಗಿರಲಿಲ್ಲ. ಕಿರುನಾಲಗೆಯು ಊದಿ ಉದ್ದವಾಗುವ ಗಲಶುಂಡಿಕೆಯೆಂಬ ರೋಗದಲ್ಲಿ ಅದನ್ನು ಹಿಡಿದು ಮಂಡಲಾಗ್ರದಿಂದ ಕತ್ತರಿಸುವ ಕ್ರಮವನ್ನು ಸುಶ್ರುತನು ಚಿಕಿತ್ಸಾಸ್ಥಾನದ ೨೨ನೆಯ ಅಧ್ಯಾಯದಲ್ಲಿ ಹೇಳಿ, ಹೆಚ್ಚು ಕತ್ತರಿಸಿದರೆ ರಕ್ತಸ್ರಾವದಿಂದ ಮರಣವೆಂದು ಎಚ್ಚರಿಸಿದನು. ೧೯೮೧ರಲ್ಲಿ ಅಮೆರಿಕದಲ್ಲಿ ಫುಜಿತ ಮತ್ತು ಅವರ ಸಹಕಾರಿಗಳು ಶ್ವಾಸರೋಧಕ್ಕಾಗಿ ತಾಲುವನ್ನೂ ಕಿರುನಾಲಗೆಯನ್ನೂ ತಿದ್ದುವ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದರು. ಅದೇ ವರ್ಷ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಮತ್ತು ಅವರ ಸಹಕಾರಿಗಳು ಮೂಗಿಗೆ ಕಟ್ಟಿದ ಮುಸುಕಿನ ಮೂಲಕ ಒತ್ತಡದ ಗಾಳಿಯನ್ನು ಹಾಯಿಸಿ ಕಂಠವನ್ನು ತೆರೆದಿಡುವ ಯಂತ್ರಚಿಕಿತ್ಸೆಯನ್ನು ತಿಳಿಸಿದರು. ಮಧ್ಯಮ ಮತ್ತು ತೀವ್ರ ಶ್ವಾಸರೋಧಕ್ಕೆ ಇಂದು ಇದೇ ಮುಖ್ಯವಾದ ಚಿಕಿತ್ಸೆ. ಚಾವೊ ಹೇಳಿದ ಇಕ್ಕಟ್ಟಾದ ದಾರಿಯನ್ನು ಗಾಳಿಯೇ ತಳ್ಳಿ ತೆರೆಯುವ ಉಪಾಯವಿದು.

೭. ಉಪಸಂಹಾರ

ಮೇಲಿನ ವಿಚಾರದಿಂದ ತಿಳಿದುಬರುವುದಿಷ್ಟು. ಗೊರಕೆಗೂ ಸ್ಥೂಲತೆಗೂ ಇರುವ ಸಂಬಂಧವನ್ನು ಭಾರತೀಯರೂ ಚೀನರೂ ಪ್ರತ್ಯೇಕವಾಗಿ ಕಂಡರು. ಸದ್ದನ್ನು ಮೀರಿ ಉಸಿರಿನ ತಡೆಯನ್ನು ಸೂಚಿಸುವ ಹೆಸರು ಸುಶ್ರುತಸಂಪ್ರದಾಯದಲ್ಲಿ ಉಳಿದುಬಂದಿತು. ಆದಕಾರಣ ಕನ್ನಡದ ಕೋಶಕಾರರೂ ಅನುವಾದಕರೂ ಕ್ರಥನವನ್ನು ಗೊರಕೆಯೆಂದು ಬಿಟ್ಟುಬಿಡದೆ, ನಿದ್ರೆಯಲ್ಲಿ ಗೊರಕೆಯೊಡನೆ ಉಸಿರು ಕಟ್ಟುವುದೆಂದು ಬರೆಯುವುದು ಯುಕ್ತ. ಪಾಠ ಹೇಳುವ ಉಪಾಧ್ಯಾಯರು ಈ ಭೇದವನ್ನು ಒಮ್ಮೆ ವಿವರಿಸಿದರೆ, ಕೇಳಿದ ವಿದ್ಯಾರ್ಥಿಯು ಮನೆಗೆ ಹೋಗಿ ತಂದೆಯ ನಿದ್ರೆಯನ್ನು ಬೇರೆ ಕಿವಿಯಿಂದ ಕೇಳುವನು.

ಸದ್ದು ಮಾತ್ರವಿದ್ದು ಹಗಲು ಲವಲವಿಕೆಯಿಂದ ಕಳೆಯುವುದಾದರೆ ಪಥ್ಯವೂ ಮಗ್ಗುಲ ಶಯನವೂ ಸಾಕಾಗಬಹುದು. ಸದ್ದು ನಡುನಡುವೆ ನಿಂತು, ಉಸಿರು ಕಟ್ಟಿ, ಬೆಚ್ಚಿದಂತೆ ಮರಳುವುದಾದರೆ, ಹಗಲಿನಲ್ಲಿ ತೂಕಡಿಕೆಯೂ ಇದ್ದರೆ, ಅದು ಕ್ರಥನ; ಮೂಲಿಕೆಯ ಅಂಗಡಿಗೆ ಹೋಗುವ ಮೊದಲು ನಿದ್ರಾಪರೀಕ್ಷೆ ಮಾಡಬಲ್ಲ ವೈದ್ಯರ ಬಳಿಗೆ ಹೋಗಬೇಕು. ನಂಜನ್ನು ಕಂಠದಲ್ಲಿ ತಡೆದು ಲೋಕವನ್ನು ಉಳಿಸಿದವನು ಶ್ರೀಕಂಠ. ಮನುಷ್ಯನ ಕಂಠದಲ್ಲಿ ತಡೆಯಬೇಕಾದುದು ವಿಷ, ಉಸಿರಲ್ಲ.